ಬ್ಯಾಟರಿ ಕೈಕೊಟ್ಟ ಮುಹೂರ್ತ

ಯಾವ ನಾಯಕಿ ಯಾರ ಕಾರಿನಲ್ಲಿ ಬಂದಳು, ಯಾವ ನಾಯಕ ಯಾರ ಮೇಲೆ ಮುನಿಸಿಕೊಂಡ ಅನ್ನೋ ಸಮಾಚಾರ ಈ ವಾರ ನನ್ನ ಅಂಕಣದಲ್ಲಿ ಇಲ್ಲ. ಅದು ಬೇಕಿದ್ದವರು ಪಕ್ಕದ ಪುಟಕ್ಕೆ ದಯಮಾಡಿಸಬಹುದು. ಈ ವಾರ ನನ್ನ ಜೇಬಿನ ಕಥೆ. ಜೇಬು ಅಂದರೆ ದುಡ್ಡಲ್ಲ, ಅದು ಎಂದಿನಂತೆ ಖಾಲಿ! ಜೇಬಿನಲ್ಲಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಬ್ಯಾಟರಿಯ ಕಥೆ. ನಿಮ್ಮ ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆಯಲ್ಲ, ಓದಿ.

ಮೂರು ತಿಂಗಳ ಹಿಂದೆ ಬೆಂಗಳೂರಿನ ಒಂದು ದೇವಸ್ಥಾನದಲ್ಲಿ ಹೊಸಬರ ಚಿತ್ರದ ಮುಹೂರ್ತ. ಕುಂಬಳಕಾಯಿ ಒಡೆದದ್ದಾಯ್ತು, ಕ್ಲಾಪ್ ಆಯ್ತು, ಕೇಸರಿಬಾತ್ ಹಂಚಿದ್ದೂ ಆಯ್ತು. ಆಮೇಲೆ ನಿರ್ಮಾಪಕರು ಒಂದು ಒಳ್ಳೆ ಕೆಲಸ ಮಾಡಿದರು. ನಲವತ್ತು ವರ್ಷ ಕಲಾವಿದರಿಗೆ ಬಣ್ಣ ಹಚ್ಚಿದ ಹಿರಿಯ ಮೇಕಪ್ ಮೇಷ್ಟ್ರೊಬ್ಬರನ್ನು ಕರೆಸಿ ಶಾಲು ಹೊದಿಸಿದರು. ನೋಡಿ, ಮೇಕಪ್‌ನವರ ಹಣೆಬರಹವೇ ವಿಚಿತ್ರ. ಕ್ಯಾಮೆರಾ ಎದುರು ಅವರಷ್ಟು ಹತ್ತಿರ ನಿಲ್ಲೋರು ಯಾರೂ ಇಲ್ಲ. ಆದರೆ ನಿರ್ದೇಶಕರು ‘ರೆಡಿ’ ಅಂದ ತಕ್ಷಣ ಪಫ್ ಹಿಡ್ಕೊಂಡು ಫ್ರೇಮಿನಿಂದ ಆಚೆ ಓಡಬೇಕು. ಆವತ್ತು ಆ ಮನುಷ್ಯ ಫ್ರೇಮಿನ ನಡುವೆ ನಿಂತಿದ್ದರು. ಕಣ್ಣಲ್ಲಿ ನೀರು. ನಾನು ಕ್ಯಾಮೆರಾ ಎತ್ತಿದೆ, ಬಟನ್ ಒತ್ತಿದೆ...

ಇಲ್ಲ. ಕ್ಯಾಮೆರಾ ಸತ್ತಿತ್ತು!

ಗಾಬರಿಯೇನೂ ಆಗಲಿಲ್ಲ. ಜೇಬಿನಲ್ಲಿ ಹೆಚ್ಚುವರಿ ಬ್ಯಾಟರಿ ಇತ್ತಲ್ಲ, 350 ರೂಪಾಯಿ ಕೊಟ್ಟು ತಂದದ್ದು. ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಿದ್ದೆ. ಹಾಕಿದೆ, ಪರದೆಯ ಮೇಲೆ ಬ್ಯಾಟರಿ ಗುರುತು ಪೂರ್ತಿ ತುಂಬಿತ್ತು. ಫೋಕಸ್ ಮಾಡಿದೆ, ಫ್ಲಾಷ್ ಮೇಲೆದ್ದಿತು, ಅಲ್ಲಿಗೆ ಅದೂ ಢಮಾರ್. ಮೊಬೈಲ್ ಇರಲಿಲ್ವೇನಯ್ಯಾ ಅಂತ ಕೇಳ್ತೀರಿ. ಇತ್ತು ಸ್ವಾಮಿ. ನಾನು ಬ್ಯಾಟರಿ ತೆಗೆದು, ಅಂಗಿಗೆ ಉಜ್ಜಿ, ಮತ್ತೆ ಹಾಕಿ ಒದ್ದಾಡೋ ಹೊತ್ತಿಗೆ ಮೇಷ್ಟ್ರು ಶಾಲು ಮಡಚಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಉಳಿದವರ ಮೊಬೈಲುಗಳೆಲ್ಲ ಆಗ ತಾನೇ ಗೇಟಿನಲ್ಲಿ ಕಾರಿನಿಂದ ಇಳಿದ ನಾಯಕಿಯ ಕಡೆ ತಿರುಗಿದ್ದವು.

ಹೋದ ವಾರ ಅವರ ಮಗಳಿಂದ ಫೋನ್. “ಅಣ್ಣಾ, ನೀವು ಪತ್ರಿಕೆಯೋರಲ್ವಾ? ಅಪ್ಪನಿಗೆ ಶಾಲು ಹೊದಿಸಿದ ಫೋಟೋ ಒಂದು ಬೇಕಿತ್ತು. ಎಲ್ಲರನ್ನೂ ಕೇಳ್ದೆ, ಯಾರ ಹತ್ರನೂ ಇಲ್ಲ. ಅಪ್ಪನಿಗೆ ಈಗ ಓಡಾಡೋಕೆ ಆಗಲ್ಲ, ದಿನಾ ಅದನ್ನೇ ಕೇಳ್ತಾರೆ.” ನಾನು ಏನಂತ ಹೇಳಲಿ? ಅದಕ್ಕೇ ಈ ಬ್ಯಾಟರಿ ಪುರಾಣ.

* * *

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಫಿಸಿಕ್ಸ್ ಮೇಷ್ಟ್ರು ವೋಲ್ಟು, ಆಂಪಿಯರ್ ಅನ್ನೋ ಹೊತ್ತಿಗೆ ನಾನು ಮ್ಯಾಟಿನಿಯಲ್ಲಿ ಇರುತ್ತಿದ್ದೆ. ಆ ಪಾಠ ಈಗ ಎಸ್.ಪಿ. ರೋಡಿನ ರಿಪೇರಿ ಹುಡುಗನೊಬ್ಬನ ಹತ್ತಿರ ಟೀ ಕುಡಿಸಿ ಕಲಿಯಬೇಕಾಯ್ತು.

ಅವನು ಹೇಳಿದ್ದು ಇಷ್ಟು. ಬ್ಯಾಟರಿ ಸುಮ್ಮನೆ ಕೂತಿದ್ದಾಗ ಅದರ ವೋಲ್ಟೇಜು ಚೆನ್ನಾಗೇ ಇರುತ್ತೆ, ಕ್ಯಾಮೆರಾ ಅದನ್ನು ನೋಡಿ ‘ಫುಲ್’ ಅಂತ ತೋರಿಸುತ್ತೆ. ಹಳೇ ಸೆಲ್ಲು, ಕಳಪೆ ಸೆಲ್ಲಿನ ಒಳಗೆ ಕರೆಂಟಿಗೆ ಅಡ್ಡಿ ಜಾಸ್ತಿ. ಲೆನ್ಸಿನ ಮೋಟರು, ಷಟರು, ಫ್ಲಾಷು ಎಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜು ಧೊಪ್ಪನೆ ಬೀಳುತ್ತೆ, ಕ್ಯಾಮೆರಾ ಬಾಗಿಲು ಹಾಕಿಕೊಳ್ಳುತ್ತೆ. ಐದು ನಿಮಿಷ ಬಿಟ್ಟರೆ ಮತ್ತೆ ಜೀವ ಬಂದ ಹಾಗೆ ಆಗಿ ಎರಡು ಫೋಟೋ ತೆಗೆಯುತ್ತೆ. ಕ್ಲೈಮ್ಯಾಕ್ಸಿನಲ್ಲಿ ಗುಂಡು ತಿಂದ ಮೇಲೂ ಎದ್ದು ಡೈಲಾಗ್ ಹೊಡೆಯೋ ಖಳನಾಯಕನ ಥರ!

ನನ್ನದು ಸೆಕೆಂಡ್ ಹ್ಯಾಂಡ್ ಕ್ಯಾನನ್ 1300ಡಿ, 2016ರಲ್ಲಿ ಬಂದ ಮಾಡೆಲ್ಲು. ಅದರ ಬ್ಯಾಟರಿ ಎಲ್‌ಪಿ-ಇ10. ಮೇಲೆ 7.4 ವೋಲ್ಟ್, 860 ಎಂಎಎಚ್ ಅಂತ ಬರೆದಿದೆ. ಎಂಎಎಚ್ ಅಂದರೆ ಕೊಡದಲ್ಲಿ ಎಷ್ಟು ನೀರಿದೆ ಅನ್ನೋ ಲೆಕ್ಕ ಅಂತಿಟ್ಟುಕೊಳ್ಳಿ. ನಾನು 350 ರೂಪಾಯಿಗೆ ತಂದ ಮಹಾಶಯನ ಮೈಮೇಲೆ ಬರೆದದ್ದು 1500 ಎಂಎಎಚ್! ಅಂಗಡಿಯವ ಹೇಳಿದ್ದು: “ಒರಿಜಿನಲ್‌ಗಿಂತ ಡಬ್ಬಲ್ ಬರುತ್ತೆ ತಗೊಳ್ಳಿ ಸಾರ್.” ನಾನು ನಂಬಿದೆ. ಅದೇ ಅಳತೆಯ ಡಬ್ಬಿಯಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ನೀರು ಹೇಗಪ್ಪಾ ತುಂಬುತ್ತೆ ಅಂತ ತಲೆಗೆ ಹೋಗಲಿಲ್ಲ. ಅಂಕಿ ಅಚ್ಚು ಹಾಕೋಕೆ ಖರ್ಚಿಲ್ಲವಲ್ಲ. ಒರಿಜಿನಲ್ ಮೇಲಿರೋ ಅಂಕಿಗಿಂತ ಸ್ವಲ್ಪ ಹೆಚ್ಚಿದ್ದರೆ ಇರಲಿ, ಹೊಸ ಸೆಲ್ಲು ಇದ್ದೀತು. ಒಂದೂಮುಕ್ಕಾಲು ಪಟ್ಟು, ಎರಡು ಪಟ್ಟು ಅಂತ ಬರೆದಿದ್ದರೆ ಕೈ ಮುಗಿದು ಅಂಗಡಿಯಿಂದ ಇಳಿದುಬಿಡಿ.

ಹಾಗಂತ ಬೇರೆ ಕಂಪನಿಯದೆಲ್ಲ ಕೆಟ್ಟದ್ದು ಅಂತ ನಾನು ಹೇಳೋಲ್ಲ. ನಮ್ಮ ಭಾಷೆಯಲ್ಲೇ ಹೇಳೋದಾದರೆ, ಒರಿಜಿನಲ್ ಬ್ಯಾಟರಿ ಹೀರೋ. ಬೇರೆ ಕಂಪನಿಯವರು ತಮ್ಮದೇ ಹೆಸರು ಹಾಕಿ ಮಾಡೋದು ಡೂಪ್. ಫೈಟ್ ಸೀನಿಗೆ ಡೂಪ್ ಹಾಕೋದು ತಪ್ಪೇ? ಎಷ್ಟೋ ಸಲ ಹೀರೋಗಿಂತ ಅವನೇ ಚೆನ್ನಾಗಿ ಜಿಗೀತಾನೆ. ಆದರೆ ಡೂಪಿನ ಮುಖಕ್ಕೆ ಹೀರೋ ಮುಖವಾಡ ಹಾಕಿ ಪೋಸ್ಟರ್ ಅಂಟಿಸಿದರೆ ಅದು ಮೋಸ. ಕ್ಯಾಮೆರಾ ಕಂಪನಿಯ ಹೆಸರನ್ನೇ ಕದ್ದು ಅಚ್ಚು ಹಾಕಿದ ಮಾಲು ಫುಟ್‌ಪಾತಿನಲ್ಲಿ ಧಾರಾಳವಾಗಿ ಸಿಗುತ್ತೆ. ಒರಿಜಿನಲ್ಲಿನ ಕಾಲು ಭಾಗ ಬೆಲೆಗೆ ‘ಒರಿಜಿನಲ್’ ಸಿಗುತ್ತಿದೆ ಅಂದರೆ ಅದು ಯಾರು ಅಂತ ಗೊತ್ತಾಯ್ತಲ್ಲ!

ಡೂಪನ್ನು ಆರಿಸೋವಾಗ ನಾನೀಗ ಮೊದಲು ನೋಡೋದು ಬಿಐಎಸ್ ಗುರುತು. ನಮ್ಮ ದೇಶದಲ್ಲಿ ಇಂಥ ಬ್ಯಾಟರಿ ಮಾರಬೇಕಾದರೆ ಐಎಸ್ 16046 ಪ್ರಕಾರ ನೋಂದಣಿ ಕಡ್ಡಾಯ. ಬ್ಯಾಟರಿ ಮೇಲೆ ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹೊಡೆದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತೆ, ಅಂಗಡಿಯವನ ಎದುರಿಗೇ ಹೊಡೆಯಿರಿ, ಅವನ ಮುಖ ನೋಡೋದೇ ಒಂದು ತಮಾಷೆ. ಇನ್ನೊಂದು ಮಾತು. ಈಗಿನ ಎಷ್ಟೋ ಕ್ಯಾಮೆರಾಗಳು ಬ್ಯಾಟರಿಯೊಳಗಿನ ಚಿಪ್ಪಿನ ಜೊತೆ ಮಾತಾಡುತ್ತವೆ. ಚಿಪ್ಪು ಸರಿಯಿಲ್ಲದಿದ್ದರೆ ‘ಇವನು ಯಾರೋ ನನಗೆ ಗೊತ್ತಿಲ್ಲ’ ಅನ್ನುತ್ತೆ ಕ್ಯಾಮೆರಾ, ಇಲ್ಲವೇ ಎಷ್ಟು ಚಾರ್ಜ್ ಉಳಿದಿದೆ ಅಂತ ತೋರಿಸೋದಿಲ್ಲ. ಆದ್ದರಿಂದ ಕ್ಯಾಮೆರಾ ಜೊತೆಯಲ್ಲೇ ತಗೊಂಡು ಹೋಗಿ, ಅಲ್ಲೇ ಹಾಕಿ ನೋಡಿ.

ತಂದ ದಿನವೇ ಪರೀಕ್ಷೆ ಮಾಡಿ, ಮುಹೂರ್ತದ ದಿನ ಅಲ್ಲ. ಫುಲ್ ಚಾರ್ಜ್ ಮಾಡಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗೋಡೆಯ ಕಡೆ ತಿರುಗಿಸಿ ವೀಡಿಯೋ ಓಡಿಸಿ. ನಡುವೆ ತಾನೇ ನಿಂತರೆ ಮತ್ತೆ ಶುರು ಮಾಡಿ. ಎಷ್ಟು ನಿಮಿಷಕ್ಕೆ ಸತ್ತಿತು ಅಂತ ಬರೆದಿಡಿ. ಒರಿಜಿನಲ್ಲಿಗೂ ಹಾಗೇ ಮಾಡಿ. ಹೊಸ ಡೂಪು ಒರಿಜಿನಲ್ಲಿನ ಹತ್ತಿರ ಹತ್ತಿರ ಬಂದರೆ ಇಟ್ಟುಕೊಳ್ಳಿ, ಅರ್ಧಕ್ಕೇ ಮಲಗಿದರೆ ಬಿಲ್ ಹಿಡಿದು ವಾಪಸ್ ಹೋಗಿ. ಬಿಲ್ ತಗೊಂಡಿದ್ದೀರಿ ತಾನೇ? ನಾನು ತಗೊಂಡಿರಲಿಲ್ಲ.

* * *

ಎಷ್ಟು ಬ್ಯಾಟರಿ ಬೇಕು? ಕಂಪನಿಯವರು ನನ್ನ ಕ್ಯಾಮೆರಾಕ್ಕೆ ಸುಮಾರು 500 ಫೋಟೋ ಅಂತ ಬರೆದಿದ್ದಾರೆ. ಅದು ಕಣ್ಣಿಟ್ಟು ನೋಡೋ ಕಿಂಡಿಯಲ್ಲಿ ತೆಗೆದರೆ ಮಾತ್ರ. ಹಿಂದಿನ ಪರದೆ ನೋಡ್ಕೊಂಡು ತೆಗೆದರೆ ಅರ್ಧವೂ ಬರಲ್ಲ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರು, ಪರದೆ ಸದಾ ಉರಿಯುತ್ತಿರಬೇಕು, ಹೊಟ್ಟೆಬಾಕ ಅವು. 2013ರಲ್ಲಿ ಸೋನಿಯ ಮೊದಲ ಎ7 ಬಂದಾಗ ಒಂದು ಬ್ಯಾಟರಿಗೆ 340 ಫೋಟೋ ಅಂತ ಲೆಕ್ಕ ಕೊಟ್ಟಿದ್ದರು. 2018ರ ಎ7 ಮೂರನೇ ಅವತಾರಕ್ಕೆ ದಪ್ಪ ಬ್ಯಾಟರಿ ಹಾಕಿದ ಮೇಲೆ ಅದು 710ಕ್ಕೆ ಏರಿತು. ನನ್ನಂಥ ಮುಹೂರ್ತ, ಪತ್ರಿಕಾಗೋಷ್ಠಿಯವನಿಗೆ ಒಂದು ಹೆಚ್ಚುವರಿ ಸಾಕು. ಮದುವೆ, ಇಡೀ ದಿನದ ಶೂಟಿಂಗ್ ಅಂದರೆ ಎರಡು. ಅಗ್ಗ ಅಂತ ಒಟ್ಟಿಗೆ ನಾಲ್ಕು ಕೊಳ್ಳಬೇಡಿ. ಲಿಥಿಯಂ ಬ್ಯಾಟರಿ ಪೊಟ್ಟಣದಲ್ಲಿ ಸುಮ್ಮನೆ ಕೂತೇ ಮುದುಕಾಗುತ್ತೆ.

ನಮ್ಮಲ್ಲೊಬ್ಬರು ಹಿರಿಯ ಸ್ಟಿಲ್ ಫೋಟೋಗ್ರಾಫರ್ ಇದ್ದಾರೆ. ನನ್ನ ಕಥೆ ಕೇಳಿ ನಕ್ಕಿದ್ದೇ ನಕ್ಕಿದ್ದು. “ಲೋ ಮರಿ, ನಮ್ಮ ಪೆಂಟಾಕ್ಸಲ್ಲಿ ಬ್ಯಾಟರಿ ಸತ್ತರೆ ಬೆಳಕು ಅಳೆಯೋ ಮುಳ್ಳು ಮಾತ್ರ ಸಾಯ್ತಿತ್ತು ಕಣೋ, ಷಟರ್ ಬೀಳ್ತಿತ್ತು. ಕಣ್ಣಂದಾಜಲ್ಲಿ ಹೊಡೀತಿದ್ವಿ.” ಸರಿಯೇ, 1976ರಲ್ಲಿ ಬಂದ ಪೆಂಟಾಕ್ಸ್ ಕೆ1000 ಹಾಗೇ ಇತ್ತು. ಆದರೆ ಡಿಜಿಟಲ್ಲಿನ ಜಾತಕವೇ ಬೇರೆ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದಕ್ಕೆ 16 ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬೇಕಾಗಿತ್ತು. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡು! ಹುಟ್ಟಿದಾಗಿನಿಂದಲೇ ಬ್ಯಾಟರಿಯ ಋಣ.

ಹಿರಿಯರೇ ಹೇಳಿಕೊಟ್ಟ ಒಂದು ಉಪಾಯ ಮಾತ್ರ ಲಕ್ಷ ಬೆಲೆಬಾಳುತ್ತೆ. ಚಾರ್ಜ್ ಆದ ಬ್ಯಾಟರಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಖಾಲಿಯಾದಾಗ ಬಿಚ್ಚಿ. ಕತ್ತಲ ಸೆಟ್ಟಿನಲ್ಲೂ ಬೆರಳಿಗೆ ಗೊತ್ತಾಗುತ್ತೆ. ಬ್ಯಾಟರಿಗಳಿಗೆ 1, 2 ಅಂತ ನಂಬರ್ ಅಂಟಿಸಿ ಸರದಿ ಪ್ರಕಾರ ಬಳಸಿ. ಹಾಗೆ ಮಾಡಿದರೆ ಯಾವುದು ಸೊರಗುತ್ತಿದೆ ಅಂತ ತಿಳಿಯುತ್ತೆ. ಪ್ಲಾಸ್ಟಿಕ್ ಮುಚ್ಚಳ ಬಿಸಾಡಬೇಡಿ. ಚಿಲ್ಲರೆ, ಬೀಗದ ಕೈ ಇರೋ ಜೇಬಿನಲ್ಲಿ ಬರೀ ಮೈಯಲ್ಲಿ ಹಾಕಿಕೊಂಡರೆ ತುದಿಗಳು ಶಾರ್ಟ್ ಆಗಿ ಪ್ಯಾಂಟಿಗೇ ಬೆಂಕಿ.

ಬಿಸಿಲು ಬ್ಯಾಟರಿಯ ಶತ್ರು. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಮುಂದಿನ ಗಾಜಿನ ಕೆಳಗೆ ಬಿಟ್ಟು ಶೂಟಿಂಗ್ ನೋಡೋಕೆ ಹೋದಿರೋ, ಅದರ ಆಯುಷ್ಯ ಅಲ್ಲೇ ಕರಗುತ್ತೆ. ಹಿಮದ ನಾಡಿಗೆ ಹಾಡಿನ ಶೂಟಿಂಗಿಗೆ ಹೋಗೋ ಅದೃಷ್ಟವಂತರಿಗೆ ಉಲ್ಟಾ ತೊಂದರೆ. ಚಳಿಗೆ ಬ್ಯಾಟರಿ ಬೇಗ ಮಲಗುತ್ತೆ, ಅಂಗಿಯೊಳಗೆ ಮೈ ಶಾಖದಲ್ಲಿ ಇಟ್ಟುಕೊಂಡರೆ ಮತ್ತೆ ಏಳುತ್ತೆ. ವಿಮಾನದಲ್ಲಿ ಹೋಗೋರು ಹೆಚ್ಚುವರಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ (ನಮ್ಮ ಉದ್ಯಮದಲ್ಲಿ ಅದಕ್ಕೇನು ಬರ!) ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿಡಿ. ಪೂರ್ತಿ ಖಾಲಿ ಮಾಡಿ ಬಿಟ್ಟರೆ ಆಮೇಲೆ ಚಾರ್ಜರಿಗೂ ಅದು ಬಗ್ಗೋದಿಲ್ಲ.

ಹೊಟ್ಟೆ ಉಬ್ಬಿದ ಬ್ಯಾಟರಿಯನ್ನಂತೂ ಒತ್ತಿ ಒತ್ತಿ ಕ್ಯಾಮೆರಾದೊಳಗೆ ತುರುಕಬೇಡಿ, ಸಿಕ್ಕಿಕೊಂಡರೆ ಕ್ಯಾಮೆರಾನೇ ಬಿಚ್ಚಬೇಕು. ಚಾರ್ಜಿಗೂ ಹಾಕಬೇಡಿ. ಕಸದ ಬುಟ್ಟಿಗೂ ಬೇಡ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ನನ್ನ 350 ರೂಪಾಯಿಯ ಮಹಾಶಯ ಹೋದದ್ದು ಅಲ್ಲಿಗೇ.

ಮೇಲೆ ಸಿಕ್ಕಿಸೋ ಫ್ಲಾಷ್ ಗನ್ನಿಗೆ ನಾಲ್ಕು ಪೆನ್ಸಿಲ್ ಸೆಲ್ ಹಾಕ್ತೀವಲ್ಲ, ಅದಕ್ಕೆ ಮಾತ್ರ ಬೇರೆ ಸೂತ್ರ. ಗೂಡಂಗಡಿಯ ಸೆಲ್ಲು 1.5 ವೋಲ್ಟ್, ಚಾರ್ಜ್ ಮಾಡೋ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1.2 ವೋಲ್ಟ್. ಕಮ್ಮಿ ಅಂತ ಮೂಗು ಮುರೀಬೇಡಿ. ಕೇಳಿದ ತಕ್ಷಣ ಕರೆಂಟು ಕೊಡೋದರಲ್ಲಿ ಇದೇ ಮುಂದು, ಫ್ಲಾಷ್ ಬೇಗ ಬೇಗ ತಯಾರಾಗುತ್ತೆ. 2005ರಲ್ಲಿ ಸ್ಯಾನ್ಯೊದವರು ಎನೆಲೂಪ್ ತಂದ ಮೇಲೆ, ತಿಂಗಳುಗಟ್ಟಲೆ ಇಟ್ಟರೂ ಚಾರ್ಜು ಸೋರಿಹೋಗದ ಜಾತಿಯೂ ಸಿಗುತ್ತೆ. ನಾಲ್ಕನ್ನೂ ಒಂದೇ ಜೋಡಿಯಾಗಿ ಬಳಸಿ, ಹಳೇದು ಹೊಸದು ಬೆರೆಸಬೇಡಿ.

* * *

ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಬೇರೆ ಕಂಪನಿಯ, ಬಿಲ್ಲಿರೋ, ಪರೀಕ್ಷೆ ಪಾಸಾದ ಬ್ಯಾಟರಿ ಜೇಬಿನಲ್ಲಿ, ರಬ್ಬರ್ ಬ್ಯಾಂಡ್ ಸಮೇತ. ಮಗಳು ಅದೇ ಶಾಲನ್ನು ಇಸ್ತ್ರಿ ಮಾಡಿ ಇಟ್ಟಿದ್ದರು. ಮೇಷ್ಟ್ರು ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಕನ್ನಡಿ ತರಿಸಿಕೊಂಡರು. ತಮ್ಮ ಹಳೇ ಪೆಟ್ಟಿಗೆಯನ್ನೂ ತರಿಸಿಕೊಂಡು, ಕೈ ನಡುಗುತ್ತಿದ್ದರೂ ತಾವೇ ಮುಖಕ್ಕೆ ಪೌಡರ್ ಹಾಕಿಕೊಂಡರು. ಮಗಳು ಸಹಾಯಕ್ಕೆ ಬಂದರೆ ಬಿಡಲಿಲ್ಲ.

“ಅವತ್ತಿಂದು ಬರಲಿಲ್ವಂತೆ?” ಅಂದರು.

“ಇಲ್ಲ ಮೇಷ್ಟ್ರೇ. ಬ್ಯಾಟರಿ ಕೈಕೊಡ್ತು. ತಪ್ಪು ನಂದೇ.”

ಅವರು ಏನೂ ಅನ್ನಲಿಲ್ಲ. ಕಿಟಕಿ ಕಡೆ ನೋಡಿದರು. “ಆ ಬಾಗಿಲು ಇನ್ನೊಂಚೂರು ತೆಗೀರಮ್ಮಾ, ಎಡಗಡೆ ಕೆನ್ನೆ ಕಪ್ಪು ಬೀಳ್ತದೆ,” ಅಂದು, ಶಾಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಮೂವತ್ತೆಂಟು ಫೋಟೋ ತೆಗೆದೆ. ಒಂದು ಈ ಪುಟದಲ್ಲಿ ಹಾಕಿಸೋಣ ಅಂದಿದ್ದೆ. ಮೊದಲು ಮನೆ ಗೋಡೆಗೆ ಆಗಲಿ, ಆಮೇಲೆ ಪತ್ರಿಕೆಗೆ ಅಂದರು ಮಗಳು. ಫ್ರೇಮ್ ಹಾಕೋಕೆ ಕೊಟ್ಟಿದ್ದೀನಿ, ಗುರುವಾರ ಸಿಗುತ್ತೆ.