ರಿಯಾಯಿತಿಯಲ್ಲ, ಹಕ್ಕು

1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋದ ಜೆ.ಎಚ್. ಪಟೇಲರಿಗೆ ಇಂಗ್ಲಿಷ್ ಬಾರದೇ ಇರಲಿಲ್ಲ. ಕಾನೂನು ಓದಿದವರು, ಪುಸ್ತಕಪ್ರಿಯರು. ಆದರೂ ಸದನದಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ಲೋಕಸಭೆ ಕನ್ನಡದ ಭಾಷಣ ಕೇಳಿದ್ದು ಅದೇ ಮೊದಲು.

ಇದನ್ನು ಭಾಷಾಭಿಮಾನದ ಪ್ರಸಂಗವೆಂದು ಹೊಗಳಿ ಮುಗಿಸುವುದು ವಾಡಿಕೆ. ಸಂವಿಧಾನದ 120ನೇ ವಿಧಿಯ ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕವೇ ಬೇರೆ. ಸಂಸತ್ತಿನ ಕಲಾಪ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯಬೇಕು. ಅವೆರಡರಲ್ಲೂ ಸರಿಯಾಗಿ ಹೇಳಿಕೊಳ್ಳಲಾಗದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಎನ್ನುತ್ತದೆ ಆ ವಿಧಿ. ಅಂದರೆ ತಾಯ್ನುಡಿ, ಬೇರೆ ನುಡಿ ಬಾರದವರಿಗೆ ಸಿಗುವ ರಿಯಾಯಿತಿ. ಪಟೇಲರು ಇಂಗ್ಲಿಷ್ ಬಲ್ಲವರಾಗಿಯೂ ಕನ್ನಡವನ್ನು ಆರಿಸಿಕೊಂಡು ಆ ರಿಯಾಯಿತಿಯನ್ನು ಹಕ್ಕಾಗಿ ಚಲಾಯಿಸಿದರು. ಆಗ ಸ್ಪೀಕರ್ ಆಗಿದ್ದವರು ನೆರೆಯ ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿ. ಅವರು ತಡೆಯಲಿಲ್ಲ.

ಈ ಹಟದ ಹಿಂದೆ ಸಮಾಜವಾದಿ ನಾಯಕ ಲೋಹಿಯಾ ಅವರ ಚಿಂತನೆ ಇತ್ತು. ಆಡಳಿತ ಇಂಗ್ಲಿಷಿನಲ್ಲಿ ಇರುವವರೆಗೆ ಆ ಭಾಷೆ ಬಲ್ಲ ನಾಲ್ಕು ಜನರ ಕೈಯಲ್ಲೇ ಅಧಿಕಾರ ಉಳಿಯುತ್ತದೆ ಎಂಬುದು ಅವರ ವಾದ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ 1930ರಲ್ಲಿ ಹುಟ್ಟಿದ ಪಟೇಲರು ಬೆಳೆದದ್ದು ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಶಿವಮೊಗ್ಗದಲ್ಲಿ. ಅಲ್ಲಿ ಈ ವಾದಕ್ಕೆ ಗೇಣಿದಾರನ ಮುಖವಿತ್ತು: ಅಧಿಕಾರದಿಂದ ಹೊರಗುಳಿದವನು ಅವನೇ.

ತುರ್ತುಪರಿಸ್ಥಿತಿಯಲ್ಲಿ ಪಟೇಲರು ಜೈಲು ಕಂಡರು. ಮುಂದೆ ಮಂತ್ರಿಯಾದರು, 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಮುಖ್ಯಮಂತ್ರಿಯಾದರು. ಆಡಳಿತದಲ್ಲಿ ನಿಧಾನ ಎಂಬ ಟೀಕೆ ಅವರ ಬೆನ್ನು ಬಿಡಲಿಲ್ಲ; ಪಕ್ಷದೊಳಗಿನ ಕಚ್ಚಾಟವನ್ನು ತಮಾಷೆಯ ಮಾತಿನಿಂದ ತಣ್ಣಗಾಗಿಸಲೂ ಆಗಲಿಲ್ಲ. ಆದರೆ 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಎಂಬ ಏಳು ಹೊಸ ಜಿಲ್ಲೆಗಳಾದವು. ಜಿಲ್ಲಾಧಿಕಾರಿ ಕಚೇರಿ ಕೊಪ್ಪಳದವನಿಗೆ ಹತ್ತಿರವಾಗಬೇಕು ಎಂಬುದಕ್ಕೂ, ಸಂಸತ್ತು ಕಾರಿಗನೂರಿನವನಿಗೆ ಅರ್ಥವಾಗಬೇಕು ಎಂಬುದಕ್ಕೂ ಬೇರು ಒಂದೇ.

ಪಟೇಲರು 2000ದ ಡಿಸೆಂಬರ್ 12ರಂದು ತೀರಿಕೊಂಡರು. ಈಗ ಲೋಕಸಭೆಯಲ್ಲಿ ಕನ್ನಡಕ್ಕೆ ಏಕಕಾಲದ ಭಾಷಾಂತರದ ಸೌಲಭ್ಯವಿದೆ. ಕನ್ನಡದಲ್ಲಿ ಮಾತಾಡಿದರೆ ಉಳಿದವರಿಗೆ ತಿಳಿಯದು ಎಂಬ ನೆಪ ಇನ್ನು ನಡೆಯದು. ಕರ್ನಾಟಕದ 28 ಸದಸ್ಯರೂ ಪ್ರತಿ ಅಧಿವೇಶನದಲ್ಲಿ ಒಮ್ಮೆಯಾದರೂ ತಮ್ಮ ಕ್ಷೇತ್ರದ ಕುಡಿಯುವ ನೀರು, ರೈಲು, ಬೆಳೆ ಪರಿಹಾರದ ಮಾತನ್ನು ಮತ ಕೇಳಿದ ಭಾಷೆಯಲ್ಲೇ ಆಡಲಿ. ಆಡದವರನ್ನು ಮುಂದಿನ ಚುನಾವಣೆಯಲ್ಲಿ ಕಾರಣ ಕೇಳುವುದು ಮತದಾರರ ಕೆಲಸ.