ಕಣ್ಣಿಗೆ ಪಟ್ಟಿ ಕಟ್ಟಿದವನಿಗೆ ಟಿಕೆಟ್ಟು, ಕಣ್ಣಿಲ್ಲದವನಿಗೆ ಬರೀ ಶಾಲು

ಜಾದೂಗಾರ ಊರಿಗೆ ಬಂದರೆ ಮೊದಲು ಮಾಡುವ ಕೆಲಸ ಗೊತ್ತಲ್ಲ? ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಪೇಟೆ ನಡುವೆ ಮೋಟರ್‌ಸೈಕಲ್ ಓಡಿಸುವುದು. ಪ್ರಚಾರದ ಹಳೆಯ ವರಸೆ. ಎರಡೂ ಬದಿ ನಿಂತ ಮಂದಿ ಶಿಳ್ಳೆ ಹಾಕುತ್ತಾರೆ, "ಏನ್ರೀ ಯಪ್ಪಾ, ಹೆಂಗ ಹೊಡದಾನ ನೋಡ್ರಿ" ಅನ್ನುತ್ತಾರೆ, ಸಂಜೆ ಮನೆಮಂದಿಗೆಲ್ಲ ಟಿಕೆಟ್ ತೆಗೆಸುತ್ತಾರೆ. ಅದೇ ರಸ್ತೆಯಲ್ಲಿ ನಿಜವಾಗಿ ಕಣ್ಣಿಲ್ಲದವರೊಬ್ಬರು ಬಿಳಿ ಕೋಲು ಹಿಡಿದು, ಅಡ್ಡ ನಿಲ್ಲಿಸಿದ ಬೈಕುಗಳನ್ನೂ ಬಾಯಿ ತೆರೆದ ಗಟಾರಗಳನ್ನೂ ದಾಟಿಕೊಂಡು ಬಸ್ ನಿಲ್ದಾಣದಿಂದ ಗಾಂಧಿ ಚೌಕಕ್ಕೆ ನಡೆದು ಹೋಗುತ್ತಾರೆ. ಅವರಿಗೆ ಶಿಳ್ಳೆ ಇಲ್ಲ. "ಪಾಪ" ಅನ್ನುವ ಒಂದು ಶಬ್ದ, ಬಹಳವಾದರೆ ಐದು ರೂಪಾಯಿಯ ನಾಣ್ಯ.

ಇದು ವಿಜಯಪುರಕ್ಕಷ್ಟೇ ಅಂಟಿದ ರೋಗವಲ್ಲ. ಕಾಶ್ಮೀರದಲ್ಲಿ ಹುಟ್ಟಿದ ಖುದಾ ಬಕ್ಷ್ ಎಂಬ ಜಾದೂಗಾರನ ಹೆಸರು ಕೇಳಿರಬಹುದು. ಕಣ್ಣಿನ ಮೇಲೆ ಕಣಕದ ಮುದ್ದೆ ಮೆತ್ತಿಸಿಕೊಂಡು, ಅದರ ಮೇಲೆ ಸುತ್ತುಸುತ್ತು ಬಟ್ಟೆ ಬಿಗಿಸಿಕೊಂಡು ಪುಸ್ತಕ ಓದುತ್ತಿದ್ದ, ಸೈಕಲ್ ಓಡಿಸುತ್ತಿದ್ದ. ಇಂಗ್ಲೆಂಡು, ಅಮೆರಿಕ ಎಲ್ಲ ಬೆರಗಾಗಿ ನೋಡಿದವು. ಮುಪ್ಪಿನಲ್ಲಿ ಆತನಿಗೆ ಗ್ಲಾಕೋಮಾ ಬಂದು ಕಣ್ಣು ನಿಜವಾಗಿಯೇ ಹೋಯಿತು. ಕಣ್ಣಿದ್ದಾಗ ಕುರುಡನಂತೆ ಆಡಿದ್ದಕ್ಕೆ ಲೋಕವೆಲ್ಲ ಹೆಸರು. ಕಣ್ಣು ಹೋದ ಮೇಲಿನ ದಿನಗಳು ಆ ದೊಡ್ಡ ಕಥೆಯ ಕೊನೆಗೆ ಒಂದೇ ಸಾಲು.

(ಗ್ಲಾಕೋಮಾ ಅಂದರೆ ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ ಹೆಚ್ಚಾಗಿ ನರವನ್ನು ಸದ್ದಿಲ್ಲದೆ ತಿನ್ನುವ ರೋಗ. ಪೊರೆ ಬಂದರೆ ಆಪರೇಶನ್ ಮಾಡಿ ತೆಗೆಯಬಹುದು, ಇದರಲ್ಲಿ ಹೋದ ನೋಟ ಮರಳಿ ಬರುವುದಿಲ್ಲ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಇದ್ದವರು ಕಣ್ಣಿನ ಒತ್ತಡ ಅಳೆಸಿಕೊಳ್ಳಿ. ಮುಂದಿನ ಮಾತು ಆಮೇಲೆ ಓದಿದರೂ ನಡೆದೀತು.)

ಈ ಬಟ್ಟೆಪಟ್ಟಿಯ ಆಟ ಈಗ ಜಾದೂ ಪೆಂಡಾಲು ಬಿಟ್ಟು ಟ್ಯೂಷನ್ ಕ್ಲಾಸಿಗೂ ಬಂದಿದೆ. 'ಮಿಡ್‌ಬ್ರೇನ್ ಆಕ್ಟಿವೇಶನ್' ಅಂತ ಹೆಸರು. ಎರಡು ದಿನದ ಶಿಬಿರ, ಸಾವಿರಗಟ್ಟಲೆ ಫೀಸು. ನಿಮ್ಮ ಮಗು ಕಣ್ಣು ಮುಚ್ಚಿಕೊಂಡೇ ಪುಸ್ತಕ ಓದುತ್ತದೆ, ಬಣ್ಣ ಹೇಳುತ್ತದೆ ಎಂಬ ಮಾತು. ಮಂಗಳೂರಿನ ನರೇಂದ್ರ ನಾಯಕ್ ಇದನ್ನು ಎಷ್ಟೋ ಕಡೆ ಬಯಲು ಮಾಡಿದ್ದಾರೆ. ಗುಟ್ಟು ಇಷ್ಟೇ: ಪಟ್ಟಿ ಎಷ್ಟೇ ಬಿಗಿಯಿದ್ದರೂ ಮೂಗಿನ ಪಕ್ಕ ಒಂದು ಸಂದು ಉಳಿಯುತ್ತದೆ, ಮಗು ಅದರೊಳಗಿಂದ ಕೆಳಗೆ ನೋಡುತ್ತದೆ. ನಂಬಿಕೆ ಬರದಿದ್ದರೆ ಗದ್ದದ ಕೆಳಗೆ ಒಂದು ರಟ್ಟು ಅಡ್ಡ ಹಿಡಿಯಿರಿ, ಇಲ್ಲವೇ ಪುಸ್ತಕವನ್ನು ತಲೆಯ ಮೇಲೆ ಹಿಡಿಯಿರಿ. ಓದು ಅಲ್ಲೇ ನಿಲ್ಲುತ್ತದೆ.

ನನ್ನ ಸಿಟ್ಟು ಮೋಸದ ಮೇಲಷ್ಟೇ ಅಲ್ಲ. ಕಣ್ಣಿಲ್ಲದೆ ಓದುವ ವಿದ್ಯೆ ಇವರ ಹತ್ತಿರ ನಿಜವಾಗಿ ಇದ್ದಿದ್ದರೆ ಮೊದಲು ಎಲ್ಲಿಗೆ ಹೋಗಬೇಕಿತ್ತು? ಅಂಧ ಮಕ್ಕಳ ಶಾಲೆಗೆ ತಾನೆ? ಯಾಕೆ ಹೋಗಲಿಲ್ಲ? ಕಣ್ಣಿಲ್ಲದೆ ಓದುವ ವಿದ್ಯೆ 1824ರ ಹೊತ್ತಿಗೇ ಬಂದಿದೆ, ಅದರ ಹೆಸರು ಬ್ರೈಲ್. ಮೂರನೇ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ಮೊನೆ ಚುಚ್ಚಿ, ಆ ಗಾಯದಿಂದ ಎರಡೂ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್ ಹದಿನೈದರ ಹುಡುಗನಾಗಿದ್ದಾಗ ಕಟ್ಟಿದ ಲಿಪಿ. ಆರು ಚುಕ್ಕಿ. ಕನ್ನಡಕ್ಕೂ ಇದೆ. ಅದನ್ನು ಕಲಿಯಲು ಎರಡು ದಿನ ಸಾಲದು.

ಈಗ ನಿಜವಾದ ಕಣ್ಣಿಲ್ಲದ ಕೈಚಳಕದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ರಿಚರ್ಡ್ ಟರ್ನರ್ ಎಂಬವರಿದ್ದಾರೆ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದ ಮೇಲೆ ನೋಟ ಹೋಗುತ್ತಾ ಹೋಯಿತು, ಕಡೆಗೆ ಪೂರಾ ಹೋಯಿತು. ಇಸ್ಪೀಟಿನ ಎಲೆಗಳಲ್ಲಿ ಅವರನ್ನು ಮೀರಿಸುವವರು ಸಿಗುವುದು ಕಷ್ಟ. ಎಲೆ ಹಂಚುವಾಗ ಮೇಲಿನದನ್ನು ಹಾಗೇ ಇಟ್ಟು ಎರಡನೆಯದನ್ನು ಎಳೆದು ಕೊಡುತ್ತಾರೆ, ಎದುರಿಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಊಟ ಮಾಡುವಾಗ, ನಡೆಯುವಾಗ ಎಲ್ಲ ಕೈಯಲ್ಲಿ ಕಟ್ಟು ಇಟ್ಟುಕೊಂಡು ದಿನಕ್ಕೆ ಹತ್ತು ತಾಸಿಗೂ ಮೇಲೆ ಅಭ್ಯಾಸ ಮಾಡಿದವರು. ಎಲೆ ತಯಾರಿಸುವ ಕಂಪನಿಯೇ ಕಾಗದದ ಗುಣ ನೋಡಲು ಇವರ ಬೆರಳನ್ನು ಕೇಳಿದೆ. 2017ರಲ್ಲಿ 'ಡೆಲ್ಟ್' ಎಂಬ ಸಾಕ್ಷ್ಯಚಿತ್ರ ಬಂತು. ಅದನ್ನು ನೋಡಿದವರಿಗೆ ಗೊತ್ತು, ತಮ್ಮನ್ನು 'ಅಂಧ ಜಾದೂಗಾರ' ಎಂದು ಕರೆಯುವುದು ಅವರಿಗೆ ಎಷ್ಟೋ ವರ್ಷ ಬಿಲ್‌ಕುಲ್ ಸೇರುತ್ತಿರಲಿಲ್ಲ. ಎಲೆಯ ಕೆಲಸ ನೋಡಿ, ಕಣ್ಣು ನೋಡಬೇಡಿ ಎಂಬ ಹಟ.

ಆ ಹಟ ನಮ್ಮ ಪತ್ರಿಕೆಯವರಿಗೆ ಅರ್ಥವಾಗುವುದಿಲ್ಲ. ಅಂಧ ಕಲಾವಿದರ ಸುದ್ದಿ ಬಂದರೆ ಹೆಡ್ಡಿಂಗ್ ಮೊದಲೇ ತಯಾರು: 'ಅಂಧತ್ವ ಮೆಟ್ಟಿ ನಿಂತ ಸಾಧಕ'. ಯಾವ ರಾಗ ಹಾಡಿದರು, ತಬಲಾ ಯಾರ ಹತ್ತಿರ ಕಲಿತರು, ಕಾರ್ಯಕ್ರಮಕ್ಕೆ ಎಷ್ಟು ದುಡ್ಡು ಕೊಟ್ಟರು, ಒಂದೂ ಇರುವುದಿಲ್ಲ. ಇವನ್ನೆಲ್ಲ ಬರೆದು ಕಳಿಸಿದ ಒಂದು ವರದಿಗೆ ಡೆಸ್ಕಿನಿಂದ ನನಗೆ ಬಂದ ಫೋನು ಹೀಗಿತ್ತು: "ಚಲೋ ಅದರಿ, ಸ್ವಲ್ಪ ಕಣ್ಣೀರ ಸೇರಿಸ್ರಿ." ಅವರು ಅತ್ತಿರಲಿಲ್ಲ. ಮಾನಧನದ ಚೆಕ್ ಇನ್ನೂ ಬಂದಿಲ್ಲ ಎಂದು ಸಿಟ್ಟಾಗಿದ್ದರು.

ನಮ್ಮ ಕಡೆ ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ, ವಿಜಯಪುರದಲ್ಲಿ ರೈಲು ಹತ್ತಿದರೆ ಗದಗ ಸಿಗುತ್ತದೆ. ಪಂಚಾಕ್ಷರಿ ಗವಾಯಿಗಳು ಹುಟ್ಟಿನಿಂದ ಅಂಧರು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜರಿಗೆ ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಗುರು ಕರ್ನಾಟಕಿ ಕಲಿತು, ಮಿರಜಿನ ನೀಲಕಂಠ ಬುವಾ ಅವರ ಹತ್ತಿರ ಹಿಂದೂಸ್ತಾನಿ ಕಲಿತರು. ಬಸವರಾಜ ರಾಜಗುರು ಅವರಂಥ ಕಣ್ಣಿದ್ದ ಗಾಯಕರೂ ಈ ಕಣ್ಣಿಲ್ಲದ ಗುರುವಿನ ಕಾಲ ಬಳಿ ಕೂತು ಕಲಿತವರು. ಆಶ್ರಮದ ಮಕ್ಕಳ ಹೊಟ್ಟೆ ತುಂಬಲು ನಾಟಕ ಕಂಪನಿಯೇ ಊರೂರು ತಿರುಗಿತು. ಇದನ್ನು ಗಮನಿಸಿ: ಜನ ಟಿಕೆಟ್ ತೆಗೆದು ನಾಟಕ ನೋಡಿದರು. ಭಿಕ್ಷೆಯ ಜೊತೆಗೆ ಅಲ್ಲಿ ದುಡಿಮೆಯೂ ಇತ್ತು, ವಿದ್ಯೆಗೆ ಬೆಲೆ ಇತ್ತು.

2010ರಲ್ಲಿ ಪುಟ್ಟರಾಜರು ತೀರಿಕೊಂಡಾಗ ಉತ್ತರ ಕರ್ನಾಟಕವೇ ಗದಗಿನ ಹಾದಿ ಹಿಡಿದಿತ್ತು. ನಾವು ಅವರನ್ನು ದೇವರು ಮಾಡಿದೆವು. ದೇವರು ಮಾಡಿದರೆ ನಮಗೆ ಖರ್ಚಿಲ್ಲ ನೋಡಿ! "ಅವರು ಅವತಾರ ಪುರುಷರು" ಎಂದು ಕೈ ಮುಗಿದರೆ, ನಮ್ಮ ಓಣಿಯ ಕಣ್ಣಿಲ್ಲದ ಹುಡುಗಿಗೆ ಹಾರ್ಮೋನಿಯಂ ಯಾರು ಕಲಿಸಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಗದಗಿನಲ್ಲಿ ನಡೆದದ್ದು ಪವಾಡವಲ್ಲ. ಗುರು, ಅನ್ನ, ವಾದ್ಯ, ವರ್ಷಗಟ್ಟಲೆ ರಿಯಾಜು. ಇವು ನಾಲ್ಕೂ ದುಡ್ಡು ಮತ್ತು ಮನಸ್ಸು ಇದ್ದರೆ ಯಾವ ಊರಲ್ಲೂ ಸಿಗುವಂಥವು.

"ಹಂಗಾದ್ರ ಹೊಗಳೂದೇ ಬ್ಯಾಡೇನ್ರಿ?" ಅಂತ ಕೇಳುವವರಿದ್ದಾರೆ. ಹೊಗಳಿ. ಕುಸ್ತಿ ಕಣದಲ್ಲಿ ಪೈಲವಾನನ ಪಟ್ಟು ನೋಡಿ ಹೊಗಳುತ್ತೀರಲ್ಲ, ಹಾಗೆ ಹೊಗಳಿ. ತಾನ ತಪ್ಪಿದರೆ ತಪ್ಪಿತು ಅನ್ನಿ, ಅದೂ ಮರ್ಯಾದೆಯೇ. ಬರೀ ಶಾಲು ಹೊದಿಸಿ ಕಳಿಸುವುದಕ್ಕೆ ಏನಾಗುತ್ತದೆ ಎಂದು ಶೇಖರ್ ನಾಯ್ಕರನ್ನು ನೋಡಿ ತಿಳಿಯಬೇಕು. ಶಿವಮೊಗ್ಗ ಕಡೆಯ ಹುಡುಗ, 2012ರಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ. 2017ರಲ್ಲಿ ಪದ್ಮಶ್ರೀ. ಅದೇ ವರ್ಷ, ನನಗೊಂದು ಕೆಲಸ ಬೇಕು ಎಂದು ಅವರು ಕೇಳಿಕೊಂಡ ಸುದ್ದಿಯೂ ಬಂತು.

ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲು ಅನ್ನುತ್ತದೆ, ಅದರಲ್ಲಿ ಶೇ. 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ. 5 ಭಾಗ ವಿಕಲಚೇತನರಿಗೆ ಖರ್ಚು ಮಾಡಬೇಕು. ಟಿಕೋಟಾ ತಾಲ್ಲೂಕಿರಲಿ, ಬಬಲೇಶ್ವರ ತಾಲ್ಲೂಕಿರಲಿ, ನಿಮ್ಮ ಪಂಚಾಯಿತಿಗೆ ಹೋಗಿ ಎರಡೇ ಮಾತು ಕೇಳಿ: ಹೋದ ವರ್ಷ ಆ ಶೇ. 5 ಎಲ್ಲಿ ಹೋಯಿತು? ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು? ಉತ್ತರ ಬಾಯಿಮಾತಲ್ಲಿ ಬಂದರೆ, ಬರಹದಲ್ಲಿ ಕೊಡಿ ಅನ್ನಿ.

ದುಡ್ಡಿಲ್ಲದೆ ಆಗುವ ಕೆಲಸವೂ ಇದೆ. ಪಿಸುಮಾತು ಏಳೇಳು ಸಲ ಮರುದನಿ ಕೊಡುವ ಗೋಳಗುಮ್ಮಟದ ಜಿಲ್ಲೆ ನಮ್ಮದು, ಆದರೂ ಬೋರ್ಡು ಕಾಣದವರು ಯಾವ ಬಸ್ಸು ಬಂತೆಂದು ಪಕ್ಕದವರನ್ನೇ ಕೇಳಿಕೊಂಡು ನಿಲ್ಲಬೇಕು. ಕಂಡಕ್ಟರ್ ಅಣ್ಣಂದಿರೇ, ಬಾಗಿಲಲ್ಲಿ ನಿಂತು ಊರ ಹೆಸರು ಒಮ್ಮೆ ಜೋರಾಗಿ ಕೂಗಿ. ಪಂಚಾಯಿತಿ ನೋಟಿಸನ್ನು ಫೋಟೋ ಹೊಡೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವವರೇ, ಎರಡು ಸಾಲು ಟೈಪ್ ಮಾಡಿ ಹಾಕಿ. ಫೋನಿನ ಟಾಕ್‌ಬ್ಯಾಕ್ ಕನ್ನಡ ಅಕ್ಷರ ಓದಿ ಹೇಳುತ್ತದೆ. ಕೈಬರಹದ ಮಬ್ಬು ಫೋಟೋ ಬಂದರೆ 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುವುದೇ ಹೆಚ್ಚು. ಈ ಬರಹವನ್ನೂ ಹಾಗೆ ಕಿವಿಯಿಂದ ಓದುತ್ತಿರುವವರು ಇದ್ದೀರಿ. ತಪ್ಪು ಕಂಡರೆ ಬೈದು ಬರೆಯಿರಿ.

ಜಾತ್ರೆ ಕಮಿಟಿಯವರಿಗೆ ಒಂದು ಮಾತು ಉಳಿದಿದೆ. ಈ ಸಲ ಕರಪತ್ರ ಅಚ್ಚಿಗೆ ಕೊಡುವಾಗ ಅಂಧ ಗಾಯಕರ ಹೆಸರನ್ನು ಸನ್ಮಾನಿತರ ಪಟ್ಟಿಗೆ ಸೇರಿಸಬೇಡಿ. ಕಾರ್ಯಕ್ರಮದ ಪಟ್ಟಿಯಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಮಂದಿ ತುಂಬಿರುವಾಗ ಹಾಕಿ. ಹೊರಗಿನಿಂದ ಕರೆಸುವ ಮೆಲೋಡಿ ತಂಡಕ್ಕೆ ಕೊಡುವಂತೆ ಅವರಿಗೂ ಮುಂಗಡ ಕೊಡಿ, ಉಳಿದದ್ದನ್ನು ಅಂದೇ ರಾತ್ರಿ ಎಣಿಸಿ ಕೈಗಿಡಿ. ನೋಟು ಎಣಿಸುವಾಗ ಒಂದೊಂದನ್ನೂ ಬಾಯಿಬಿಟ್ಟು ಹೇಳಿ.