ಎದ್ದೇಳದ ಕ್ಯಾಮೆರಾ

ಮಕ್ಕಳೇ, ಹೋದ ಭಾನುವಾರ ಚೇಳೂರಿನ ನಮ್ಮ ಮನೆಯಂಗಳದಲ್ಲಿ ನನ್ನ ಎದೆ ಧಸಕ್ಕೆಂದಿತು. ಬೆಂಗಳೂರಿಂದ ಬಂದಿದ್ದ ಅಳಿಯ ಹೊರಡಲೆಂದು ಕಾರು ಸ್ಟಾರ್ಟ್ ಮಾಡಿ ಕೂಡಲೇ ರಿವರ್ಸ್ ಗೇರ್ ಹಾಕಿದ. ಕಾರಿನ ಹಿಂದೆ, ಹಲಸಿನ ಮರದಡಿ, ಮೊಮ್ಮಗಳು ಪುಟ್ಟಿ ಕುಕ್ಕರಗಾಲಲ್ಲಿ ಕೂತು ಬೀಜ ಆಯುತ್ತಿದ್ದಳು. ಕೂತ ಕೂಸು ಕನ್ನಡಿಯಲ್ಲಿ ಎಲ್ಲಿ ಕಂಡೀತು? "ಏ, ನಿಲ್ಸಪ್ಪಾ!" ಎಂದು ಜಗಲಿಯಿಂದಲೇ ಕೂಗಿದೆ. ಕಾರು ಒಂದು ಗೇಣು ಸರಿದು ನಿಂತಿತು.

"ಹಿಂದೆ ಕ್ಯಾಮೆರಾ ಇದೆಯಲ್ಲಪ್ಪ?"

"ಇದೆ ಮಾವ, ಇನ್ನೂ ಆನ್ ಆಗಿರಲಿಲ್ಲ. ಯಾರೂ ಇಲ್ಲ ಅಂದ್ಕೊಂಡೆ" ಎಂದ. ಅವನ ಕೈ ನಡುಗುತ್ತಿತ್ತು. ಬಗ್ಗಿ ನೋಡಿದರೆ ಪರದೆಯಲ್ಲಿ ಕಂಪನಿಯ ಗುರುತು ಮಾತ್ರ ಹೊಳೆಯುತ್ತಿತ್ತು.

ಬಲ್ಬು ಸ್ವಿಚ್ ಒತ್ತಿದೊಡನೆ ಉರಿಯುತ್ತದೆ. ಕಾರಿನ ಪರದೆಯ ಹಿಂದಿರುವುದು ಪುಟ್ಟ ಕಂಪ್ಯೂಟರ್. ಅದರಲ್ಲಿ ಮೊದಲು ಒಂದು ಚಿಕ್ಕ ಪ್ರೋಗ್ರಾಂ ಎದ್ದು, ಮೆಮೊರಿಯನ್ನು ಸಿದ್ಧಮಾಡಿ, ದೊಡ್ಡ ತಂತ್ರಾಂಶವನ್ನು ಎತ್ತಿ ತರಬೇಕು. ಆಮೇಲೆ ಹಾಡು, ನಕ್ಷೆ, ಫೋನು ಒಂದೊಂದಾಗಿ ಏಳುತ್ತವೆ. ಕ್ಯಾಮೆರಾ ಈ ಸಾಲಿನ ಕೊನೆಯಲ್ಲಿದ್ದರೆ ಅದರ ಸರದಿ ಬರುವಷ್ಟರಲ್ಲಿ ಕಾರು ಗೇಟು ದಾಟಿರುತ್ತದೆ.

ಅಮೆರಿಕದಲ್ಲಿ 2002ರಲ್ಲಿ, ತಂದೆಯೇ ಹಿಂದಕ್ಕೆ ತೆಗೆಯುತ್ತಿದ್ದ ಕಾರಿಗೆ ಸಿಕ್ಕಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ ಕಾಯ್ದೆ ಬಂತು. 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಲ್ಲಿ, ಹಿಂದಕ್ಕೆ ತೆಗೆಯಲು ಶುರುಮಾಡಿದ 2 ಸೆಕೆಂಡಿನೊಳಗೆ ಹಿಂಬದಿಯ ಚಿತ್ರ ಕಾಣಲೇಬೇಕು.

ಅಷ್ಟು ಬೇಗ ಹೇಗೆ? ನಿಮ್ಮ ಅಜ್ಜಿಯನ್ನೇ ಕೇಳಿ. ನೆಂಟರು ಬಿಸಿಲಲ್ಲಿ ಬಂದರೆ ಮೊದಲು ನೀರು, ಬೆಲ್ಲ. ಮುದ್ದೆ, ಸಾರು ಆಮೇಲೆ. ಎಂಜಿನಿಯರುಗಳೂ ಕ್ಯಾಮೆರಾಕ್ಕೆ ಬೇಕಾದಷ್ಟನ್ನು ಮಾತ್ರ ಮೊದಲು ಎಬ್ಬಿಸುತ್ತಾರೆ, ಹಾಡು ಕಾಯಲಿ ಎನ್ನುತ್ತಾರೆ. ಕಂಪ್ಯೂಟರ್ ಏಳುವಾಗ ತನ್ನಷ್ಟಕ್ಕೆ ಬರೆದುಕೊಳ್ಳುವ, ಯಾರೂ ಓದದ ಸಾಲುಗಳನ್ನು ನಿಲ್ಲಿಸುತ್ತಾರೆ. (ಅದಕ್ಕೂ ಸಮಯ ಹಿಡಿಯುತ್ತದಂತೆ, ನನಗೆ ನಗು ಬಂತು.) ಕೆಲವು ಕಾರುಗಳಲ್ಲಿ ಕ್ಯಾಮೆರಾ ನೋಡಿಕೊಳ್ಳಲೆಂದೇ ಬೇರೊಂದು ಚಿಕ್ಕ ಚಿಪ್ ಇರುತ್ತದೆ. ಇನ್ನು ಕೆಲವರು ಕಂಪ್ಯೂಟರನ್ನು ಪೂರ್ತಿ ಆರಿಸದೆ ಮಲಗಿಸುತ್ತಾರೆ. ಹಿಂದೆ ನಮ್ಮವ್ವ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಊದಿ ಉರಿ ಎಬ್ಬಿಸುತ್ತಿದ್ದಳಲ್ಲ, ಹಾಗೆ. ಆದರೆ ಕೆಂಡಕ್ಕೆ ಸೌದೆ ಬೇಕು, ಇದಕ್ಕೆ ಬ್ಯಾಟರಿ. ವಾರಗಟ್ಟಲೆ ನಿಲ್ಲಿಸಿದ ಕಾರಿಗೆ ಈ ಉಪಾಯ ಆಗದು.

ಪುಟ್ಟಿಯನ್ನು ಜಗಲಿಯ ಮೇಲೆ ನನ್ನ ಪಕ್ಕ ಕೂರಿಸಿಕೊಂಡು, "ಈಗ ಕೀ ತಿರುಗಿಸಪ್ಪ" ಎಂದೆ. ಪುಟ್ಟಿ ಜೋರಾಗಿ ಎಣಿಸತೊಡಗಿದಳು. ಅವಳು "ಹನ್ನೊಂದು" ಎಂದಾಗ, "ಬಂತು ಮಾವ!" ಎಂದು ಅಳಿಯ ಒಳಗಿಂದ ಕೂಗಿದ.